ಬೂಷ್ಟು ಸಾಕುವವಳು

ಪ್ರಯೋಗಾಲಯದ ಹಿಂಬದಿ ಕೋಣೆ,
ಹದಿನಾಲ್ಕನೇ ತಾರೀಖು, ಭಾನುವಾರ

ಪ್ರೀತಿಯ ಅಮ್ಮಾ,

ಮಂಡಿನೋವು ಹೇಗಿದೆ? ಚಿಕ್ಕಮ್ಮ ‘ಕೂತ್ಕೋ ಅಕ್ಕ’ ಅಂದರೆ ಕೂತುಕೋ, ನಿನ್ನ ಗಂಟೇನೂ ಹೋಗುವುದಿಲ್ಲ.

ಹುಲ್ಲುಗಾವಲು ಹೇಗಿದೆ ಅಂತ ಕೇಳಿದ್ದೀಯ. ಚೆನ್ನಾಗಿಲ್ಲ. ಅಣ್ಣ ಟ್ರ್ಯಾಕ್ಟರ್ ತಂದು ಅದನ್ನು ಅಡಿಮೇಲು ಮಾಡಿದ ದಿನ ನೀನು ಅಡ್ಡ ನಿಂತೆ, ‘ಹುಲ್ಲು ತಾನೆ, ಮತ್ತೆ ಬರುತ್ತೆ’ ಅಂತ ಅವನು ನಕ್ಕ, ನೀನು ಬಟ್ಟೆ ತುಂಬಿಕೊಂಡು ಚಿಕ್ಕಮ್ಮನ ಮನೆಗೆ ಹೊರಟುಬಿಟ್ಟೆ. ಹೊಸ ಬೀಜದ ಹುಲ್ಲು ಬಂತು, ಸುಳ್ಳಲ್ಲ. ಗೊಬ್ಬರ ಸುರಿದಷ್ಟು ದಿನ ಸೊಂಪಾಗಿಯೇ ಇತ್ತು. ಗೊಬ್ಬರ ತುಟ್ಟಿಯಾಗಿ ಅವನು ಕೈ ಬಿಗಿ ಹಿಡಿದ ಮೇಲೆ ಗೇಣುದ್ದಕ್ಕೇ ನಿಂತು, ಎಲೆಯ ತುದಿ ನೇರಳೆಗೆ ತಿರುಗಿತು. ಹಸುಗಳು ಬೇಲಿಯ ಮರ ಕಚ್ಚುತ್ತವೆ, ಮೂಳೆ ಸಿಕ್ಕರೆ ಅಗಿಯುತ್ತವೆ. ಮೇವಿನಲ್ಲಿ ರಂಜಕ ಸಾಲದು ಎಂದರು ಪಶುವೈದ್ಯರು.

ಹಳೆಯ ಹುಲ್ಲಿನ ಬೇರಿನಲ್ಲಿ ನೂಲಿಗಿಂತ ಸಣ್ಣ ಎಳೆಯ ಶಿಲೀಂಧ್ರ ಇತ್ತಮ್ಮ. ಬೇರಿಗೆ ಎಟುಕದ ಕಡೆಯಿಂದ ರಂಜಕ ತಂದುಕೊಟ್ಟು, ಬದಲಿಗೆ ಒಂದಿಷ್ಟು ಸಕ್ಕರೆ ಪಡೆಯುತ್ತಿತ್ತು. ಉಳುಮೆಗೆ ಎಳೆಗಳು ಹರಿದವು. ಗೊಬ್ಬರ ಉಂಡ ಹುಲ್ಲು ಅಳಿದುಳಿದ ಎಳೆಗಳಿಗೂ ಅನ್ನ ಹಾಕುವುದನ್ನು ನಿಲ್ಲಿಸಿತು. ನನ್ನ ಕುಂಡಗಳಲ್ಲಿ ದಿನಾ ನೋಡುತ್ತೇನೆ, ಒಂದೇ ಮಣ್ಣು, ಒಂದೇ ಬೀಜ. ಶಿಲೀಂಧ್ರ ಸೇರಿಸಿದ್ದು ಮೊಣಕಾಲುದ್ದ, ಸೇರಿಸದ್ದು ಬಡಕಲು. ಉಳುವ ಮೊದಲೇ ಅಣ್ಣನಿಗೆ ಹೇಳಿದ್ದೆ. ‘ಬೂಷ್ಟು ಸಾಕೋಕೆ ಇಷ್ಟು ಓದಿದ್ಯಾ?’ ಅಂದಿದ್ದ.

ಕೊನೆಗೆ ಅದೇ ಬೂಷ್ಟು ಕೇಳಿಕೊಂಡು ಬಂದ. ಹೊಟ್ಟೆ ಉರಿದರೂ ಹಸುಗಳ ಮುಖ ನೋಡಿ ಒಂದು ಮೂಟೆ ಬೆಳೆಸಿಕೊಟ್ಟೆ. ಅವನು ಅದನ್ನು ಬೂಷ್ಟು ಕೊಲ್ಲುವ ಔಷಧಿ ಸವರಿದ ಬೀಜದ ಜೊತೆ ಕಲಸಿ ಬಿತ್ತಿದ. ಬೇಡವೆಂದು ಬಾಯಿ ನೋಯುವಷ್ಟು ಹೇಳಿದ್ದೆ. ಹುಲ್ಲು ಏಳಲಿಲ್ಲ. ಮೊನ್ನೆ ಇಲ್ಲಿಗೇ ಬಂದು, ನನ್ನ ಜೊತೆ ಕೆಲಸ ಮಾಡುವವರ ಎದುರೇ ‘ಇವಳ ವಿದ್ಯೆಯೆಲ್ಲ ಬರೀ ಬೊಗಳೆ’ ಅಂದು ಹೋದ. ನಾನು ಕುಂಡಗಳಿಗೆ ನೀರು ಹಾಕುತ್ತಲೇ ಇದ್ದೆ.

ಮಾತ್ರೆ ಮರೆಯಬೇಡ. ಚಿಕ್ಕಮ್ಮನನ್ನು ಕೇಳಿದೆ ಅಂತ ಹೇಳು.

ನಿನ್ನ,
ಪುಟ್ಟಿ

ತಾ.ಕ.: ಅತ್ತಿಗೆ ಈಗಷ್ಟೇ ಫೋನ್ ಮಾಡಿದ್ದಳು. ಅಣ್ಣ ಈ ವಾರ ಅಲ್ಲಿಗೆ ಬರುತ್ತಾನಂತೆ. ‘ತಪ್ಪಾಯ್ತಮ್ಮ, ಮನೆಗೆ ಬಾ’ ಅಂತ ಕಣ್ಣಲ್ಲಿ ನೀರು ತಂದುಕೊಂಡಾನು. ಕೊಟ್ಟಿಗೆಯ ಆಳುಗಳಿಬ್ಬರೂ ಅವನ ಬಾಯಿಗೆ ಹೆದರಿ ಕೆಲಸ ಬಿಟ್ಟಿದ್ದಾರೆ. ಅವನು ನಿನ್ನನ್ನು ಕರೆಯುವುದು ಹಾಲು ಕರೆಯುವುದಕ್ಕೆ. ಹೋಗಬೇಡಮ್ಮ.