ದೇವದುರ್ಗದ ನಗಾರಖಾನೆಗೆ ಕುಂಕುಮ ಹಚ್ಚಿದ ಫಲ

ಸರ್ಕಾರಿ ಕಟ್ಟಡಗಳ ಉಸ್ತುವಾರಿ ಹೊತ್ತ ಅಧಿಕಾರಿಗಳಿಗೆ,
ರಾಯಚೂರು

ಮಾನ್ಯರೇ,

ನಮ್ಮ ಊರ ಹೆಬ್ಬಾಗಿಲಾದ ಅಗಸಿಯ ಮೇಲಿರುವ ಹಳೆಯ ನಗಾರಖಾನೆಯನ್ನು ನೀವು ರಿಪೇರಿ ಮಾಡುವುದಿಲ್ಲ, ಮಾಡುತ್ತೇವೆ ಎಂದವರಿಗೆ ಕೊಡುವುದೂ ಇಲ್ಲ. ನನ್ನ ದೂರು ಇಷ್ಟೇ. ಅದನ್ನು ನಮ್ಮ ಸಂಘಕ್ಕೆ ವಹಿಸಿರೆಂದು ನಿಜಾಮರ ಕಾಲದಲ್ಲಿ ಅರ್ಜಿ ಕೊಟ್ಟಾಗ ಉರ್ದುವಿನಲ್ಲಿ ಬರೆಯಿರಿ ಎಂದರು, ಬರೆಸಿದೆವು. ಕಳೆದ ವರ್ಷ ಪೊಲೀಸ್ ಕಾರ್ಯಾಚರಣೆಯಾಗಿ ಹೊಸ ಸರ್ಕಾರ ಬಂದ ಮೇಲೆ ಇಂಗ್ಲಿಷಿನಲ್ಲಿ ಬರೆಯಿರಿ ಎಂದರು, ಅದನ್ನೂ ಬರೆಸಿದೆವು. ಕನ್ನಡದಲ್ಲಿ ಗೋಳಾಡುವವರ ಮಾತು ಯಾವ ಸರ್ಕಾರಕ್ಕೆ ತಿಳಿಯುತ್ತದೆ, ಸ್ವಾಮಿ?

ಈ ನಡುವೆ ನಿಮ್ಮ ಗುತ್ತೇದಾರ ಮಾನ್ವಿಯಿಂದ ಕಲ್ಲು ಒಡೆಯುವವರನ್ನು ಕರೆತಂದ. ನಗಾರಖಾನೆಯ ಕಂಬಗಳನ್ನು ಕೆಡವಿ ರಸ್ತೆಗೆ ಜಲ್ಲಿ ಮಾಡುವುದು ಅವನ ಘನಕಾರ್ಯ. ನಾವು ಗಂಡಸರು ಕಾಯಿದೆ ಮಾತಾಡುತ್ತ ನಿಂತಿದ್ದೆವು. ಅಗಸಿಯ ಪಕ್ಕದ ಮನೆಯ ಬಸವಂತಮ್ಮ ಮಾತ್ರ ಕುಂಕುಮದ ಭರಣಿ ತಂದು ಕಂಬಕ್ಕೆ ಬಳಿದು, ಹೂವಿಟ್ಟು, ಕಾಯಿ ಒಡೆದೇಬಿಟ್ಟಳು. "ದೇವ್ರಂದ್ರ ಯಾರೂ ಕೈ ಹಚ್ಚಂಗಿಲ್ರೀ, ಸುಮ್ನ ನೋಡ್ರಿ," ಎಂದಳು. ಹಾಗೆಯೇ ಆಯಿತು. ಸುತ್ತಿಗೆ ಕೆಳಗಿಟ್ಟು, ಕೈಮುಗಿದು ಅವರು ಬಂದ ದಾರಿ ಹಿಡಿದರು. ಊರಿಗೆ ಊರೇ ಅವಳನ್ನು ಹೊಗಳಿತು.

ಮುಂದಿನ ವಾರ ನಿಮ್ಮ ಗುಮಾಸ್ತರು ತನಿಖೆಗೆ ಬಂದರು. "ಕುಂಕುಮ ಅದ, ಹೂವು ಅದ, ಗುಡಿ ಆತಲ್ರೀ! ಗುಡಿ ನಿಮ್ಮ ಸಂಘಕ್ಕ ಹ್ಯಾಂಗ ಕೊಡಾಕ ಬರ್ತದ?"

"ಒಂದು ಚರಿಗಿ ನೀರು ಹಾಕಿ ತೊಳದ್ರ ಹೋಗ್ತದ, ತೊಳೀತೀವಿ," ಎಂದೆ.

"ದೇವ್ರನ್ನ ತೊಳದು ತಗದ್ರ ಫೌಜುದಾರಿ ಕೇಸಾಗ್ತದ್ರಿ!"

ಮೊನ್ನೆಯವರೆಗೆ ಜಲ್ಲಿಗೆ ಲಾಯಕ್ಕಾಗಿದ್ದ ಕಲ್ಲು ಒಂದು ಚಿಟಿಕೆ ಕುಂಕುಮಕ್ಕೆ ದೇವರಾಯಿತು! ಯಾವ ದೇವರೆಂದು ಕೇಳಿದರೆ ಅವರಿಗೂ ಗೊತ್ತಿಲ್ಲ. ಬಾಗಿಲಿಗೆ ಬೀಗ ಬಿತ್ತು. ಇದೂ ಹೋಗಲಿ, ತಲೆತಲಾಂತರದಿಂದ ಅಲ್ಲಿ ಸಂಜೆಯ ನಗಾರಿ ಬಾರಿಸುವ ಮನೆತನದ ಪೀರಾ ಸಾಬರನ್ನು ಕರೆದು, ಗುಡಿಯ ಮೆಟ್ಟಿಲು ಹತ್ತಬೇಡ ಎಂದರು. ನಾಲ್ಕು ಜನರೆದುರಿಗೆ ಹೇಳಿದರು. ಈಗಿನ ಕಾಲದಲ್ಲಿ ಅವರಂಥವರಿಗೆ ಈ ಮಾತು ಎಷ್ಟು ಭಯ ಹುಟ್ಟಿಸುತ್ತದೆಂದು ನಿಮಗೆ ಬಿಡಿಸಿ ಹೇಳಬೇಕೆ?

ಮುದುಕ ನನ್ನಲ್ಲಿಗೆ ಬಂದು, "ನಮ್ಮಪ್ಪ, ನಮ್ಮಜ್ಜ ಬಾರಿಸಿದ ಜಾಗಾ ಯಪ್ಪಾ. ಸರ್ಕಾರ ಬದಲಾತಂತ ಎಲ್ಲಾರೂ ಅಂದ್ರು. ನಾ ಎಲ್ಲಿ ನಿಂದ್ರಬೇಕಂತ ಯಾರೂ ಹೇಳವಲ್ರು," ಎಂದರು. ಬಸವಂತಮ್ಮನಂತೂ, "ನನ್ನ ಕೈಗಿಷ್ಟು ಬೆಂಕಿ ಬೀಳ್ಲಿ, ಉಳಸಾಕ ಹೋಗಿ ಕೆಡಿಸಿದೆ," ಎಂದು ಹಣೆ ಚಚ್ಚಿಕೊಂಡು ಅಳುತ್ತಾಳೆ. ಅವಳ ತಪ್ಪೇನು? ತನ್ನ ಊರು ಎಂಥದ್ದೆಂದು ಅವಳಿಗೆ ತಿಳಿದಿತ್ತು, ನಿಮ್ಮ ಕಚೇರಿ ಎಂಥದ್ದೆಂದು ತಿಳಿದಿರಲಿಲ್ಲ.

ಈಗ ಮಾಳಿಗೆ ಸೋರುತ್ತಿದೆ, ಕೆಳಗೆ ಪೀರಾ ಸಾಬರ ನಗಾರಿಗಳಿವೆ. ಇನ್ನೊಂದು ಮಳೆಗಾಲ ಕಳೆದರೆ ಚರ್ಮ ಕೊಳೆಯುತ್ತದೆ, ತೊಲೆ ಮುರಿಯುತ್ತದೆ. ಆದ್ದರಿಂದ ಕಟ್ಟಡವನ್ನು ನಮ್ಮ ಸಂಘದ ಹೆಸರಿಗೆ ಮಾಡಿ ಬೀಗದ ಕೈ ಕೊಡಿರಿ. ಕೊಡದಿದ್ದರೆ, ಮುಂಗಾರಿನ ಮಿರಗದ ಮಳೆಗೆ ಮುಂಚೆ ನೀರಿಳಿಯದಂತೆ ನಮ್ಮ ಮನೆಗಳಿಗೆ ಹಾಕುವ ಸೌಳು ಮಣ್ಣನ್ನೇ ನಾವು ಅದರ ಮಾಳಿಗೆಗೂ ಹಾಕುತ್ತೇವೆ. ಬುಟ್ಟಿಯನ್ನು ಬಸವಂತಮ್ಮ ಎತ್ತಿಕೊಡುತ್ತಾಳೆ, ಪೀರಾ ಸಾಬರು ಮೆಟ್ಟಿಲು ಹತ್ತಿ ಒಯ್ಯುತ್ತಾರೆ. ಪೊಲೀಸರನ್ನು ಕಳಿಸುವುದಿದ್ದರೆ ಅವಶ್ಯ ಕಳಿಸಿರಿ. ಕೇಸಿನಲ್ಲಿ ಮಾತ್ರ ಇದ್ದದ್ದು ಇದ್ದಂತೆ ಬರೆಸಿರಿ: ಸೋರುವ ಮಾಳಿಗೆಗೆ ಮಣ್ಣು ಹಾಕಿದರು.

ಇಂತಿ,
ಇನ್ನೂ ಏನನ್ನೂ ಸಂರಕ್ಷಿಸಲಾಗದ
ನಗಾರಖಾನೆ ಸಂರಕ್ಷಣಾ ಸಂಘದ ಕಾರ್ಯದರ್ಶಿ
ಜಂಬಣ್ಣ, ದೇವದುರ್ಗ