ಹಿರೇ ಸೊಸಿಗೆ ಬೆಣ್ಣಿ ಆಗಿಬರಂಗಿಲ್ಲ

ಗುಳೇದಗುಡ್ಡ
ಹದಿಮೂರನೆಯ ತಿಂಗಳ ಮೂವತ್ತಾರನೆಯ ತಾರೀಖು, ೨೨೩೧

ಬಸಲಿಂಗವ್ವ ಆಯಿಯವರಿಗೆ,

ತಾರೀಖು ತಪ್ಪಿ ಬರೆದದ್ದಲ್ಲ. ಬೇಸಿಗೆ ಉದ್ದವಾಗುತ್ತ ಹೋದಂತೆ ನಮ್ಮ ಹಿರಿಯರು ಮಿಕ್ಕ ತಿಂಗಳುಗಳಿಂದ ಮೂರು ಮೂರು ದಿನ ಕಿತ್ತು, ಬಿಸಿಲಿಗೆಂದೇ ಒಂದು ತಿಂಗಳು ಮಾಡಿದರು. ಈ ಕಾಗದದಲ್ಲಿ ನಿಮಗೆ ತಿಳಿಯದ ಇನ್ನೂ ಕೆಲವು ಮಾತುಗಳು ಬರುತ್ತವೆ. ಅದಕ್ಕೆ ಕ್ಷಮೆ ಕೇಳುವುದು ಇಂಥ ಪತ್ರಗಳ ಪದ್ಧತಿ. ಮಾತುಗಳ ಮಟ್ಟಿಗೆ ಕೇಳಿದ್ದೇನೆ, ಅದರ ಆಚೆಗೆ ನಿಮ್ಮಲ್ಲಿ ಕ್ಷಮೆ ಕೇಳುವಂಥದ್ದೇನೂ ನನ್ನಲ್ಲಿಲ್ಲ.

ನನ್ನ ಹೆಸರು ತಂಗೆವ್ವ. ನಿಮ್ಮ ಹಿರಿಯ ಮಗನ ಎಂಟನೆಯ ತಲೆಮಾರಿನವಳು, ಅಂದರೆ ನಿಮ್ಮದೇ ರಕ್ತ. ನಿಮಗೆ ಬರೆಯುತ್ತಿರುವುದು ಹಿಂದೋಲೆ. ಕಾಲದಲ್ಲಿ ಹಿಂದಕ್ಕೆ ಹೋಗುವ ಕಾಗದಕ್ಕೆ ನಮ್ಮಲ್ಲಿ ಆ ಹೆಸರು. ಒಬ್ಬ ಮನುಷ್ಯನಿಗೆ ಆಯುಷ್ಯದಲ್ಲಿ ಒಂದೇ ಸಲ ಬರೆಯುವ ಅವಕಾಶ. ಜನ ಅದನ್ನು ಜೋಪಾನವಾಗಿ ಇಟ್ಟುಕೊಂಡು, ಮುಪ್ಪಿನಲ್ಲಿ ಯಾವನೋ ಮುತ್ತಜ್ಜನಿಗೆ ಉಪಕಾರ ಸ್ಮರಿಸಿ ಬರೆಯುತ್ತಾರೆ. ಅಂಚೆ ಕಚೇರಿಯ ಅರ್ಜಿಯಲ್ಲಿ ವಂದನೆ, ವಿಚಾರಣೆ, ಆಶೀರ್ವಾದ ಎಂದು ಮೂರೇ ಖಾನೆ. ಬೈಯುವುದಕ್ಕೆ ಖಾನೆ ಇಲ್ಲ. ನಾನು ವಂದನೆಗೆ ಗುರುತು ಹಾಕಿದೆ. ಅಂಚೆಯವನು ನಂಬಿದ.

ನಿಮ್ಮ ಕಾಲ ಮುಗಿದು ಹೆಚ್ಚು ದಿನವಾಗಿರಲಿಲ್ಲ, ಯಂತ್ರಗಳು ಯಾರು ಏನು ಕೇಳಿದರೂ ಬರೆದುಕೊಡತೊಡಗಿದವು. ಆಸ್ಪತ್ರೆಯ ಚೀಟಿ, ಜನನ ಪತ್ರ, ವೈದ್ಯರ ವರದಿ, ಯಾವುದು ನಿಜ ಯಾವುದು ಹುಸಿ ಎಂದು ಗೊತ್ತಾಗದ ಹಾಗಾಯಿತು. ಕೊನೆಗೆ ತಿಳಿದವರು ಸೇರಿ, ಮನುಷ್ಯರು ಪೆನ್ನು ಹಿಡಿದು ಬರೆದದ್ದೊಂದೇ ಸತ್ಯ ಎಂದು ತೀರ್ಮಾನಿಸಿದರು. ಹಾಗೆ ಹುಟ್ಟಿದ್ದು ಮೈಚರಿತ್ರೆ. ಒಂದು ಮನೆತನದ ಮೈಗೆ ಏನು ಒಗ್ಗುತ್ತದೆ, ಏನು ಒಗ್ಗುವುದಿಲ್ಲ ಎಂಬುದನ್ನು ಆ ಮನೆಯ ಅತಿ ಹಳೆಯ ಕೈಬರಹ ನೋಡಿ ಗೊತ್ತು ಮಾಡುತ್ತಾರೆ. ಅದರ ಮೇಲೆಯೇ ಊಟ, ಅದರ ಮೇಲೆಯೇ ಔಷಧ. ಕೈಯಿಂದಲೂ ಸುಳ್ಳು ಬರೆಯಬಹುದೆಂದು ಆ ತಿಳಿದವರಿಗೆ ಹೊಳೆಯಲೇ ಇಲ್ಲ. ಪಾಪ, ಅವರಿಗೆ ನೀವು ಗೊತ್ತಿರಲಿಲ್ಲ.

ನಮ್ಮ ಮನೆತನಕ್ಕೆ ಸಿಕ್ಕಿದ್ದು ನಿಮ್ಮ ಡೈರಿ. ಬೀಜದ ಅಂಗಡಿಯವರು ಪುಕ್ಕಟೆ ಕೊಟ್ಟದ್ದು, ಹಸಿರು ರಟ್ಟಿನದು. ಅಡುಗೆಗೆ ಬೆಣ್ಣೆ ಒಳ್ಳೆಯದೋ ಎಣ್ಣೆ ಒಳ್ಳೆಯದೋ ಎಂದು ಹೇಳಲು ಊರಿಗೆ ಯಾರೋ ಡಾಕ್ಟರು ಬಂದಿದ್ದರಂತೆ. ಕೇಳಿಕೊಂಡು ಮನೆಗೆ ಬಂದು ನೀವು ನೀಲಿ ಮಸಿಯಲ್ಲಿ ಹೀಗೆ ಬರೆದಿದ್ದೀರಿ: "ಹಿರೇ ಸೊಸಿಗೆ ಬೆಣ್ಣಿ ಆಗಿಬರಂಗಿಲ್ಲ. ಆಕೀಗೂ ಆಕಿ ಮಕ್ಕಳಿಗೂ ಕುಸುಬಿ ಎಣ್ಣಿನ ಸಾಕು. ಸಣ್ಣ ಸೊಸಿಗೆ ಎಮ್ಮಿ ಬೆಣ್ಣಿ ಬೇಕು, ಭಾಳ ನಾಜೂಕ ಅದಾಳ." ಡಾಕ್ಟರು ನಿಮ್ಮ ಸೊಸೆಯರ ನಾಡಿ ಹಿಡಿದು ನೋಡಿದ್ದರೇ? ಇಲ್ಲ. ಸಣ್ಣ ಸೊಸೆ ನಿಮ್ಮ ಅಣ್ಣನ ಮಗಳು. ಹಿರಿಯವಳು ದ್ರಾಕ್ಷಾಯಣಿ, ಬೇರೆ ಮನೆತನದಿಂದ ಬಂದವಳು. ಇಷ್ಟೇ ನಿಮ್ಮ ವೈದ್ಯ.

ಆ ಎರಡು ಮೂರು ಸಾಲು ಇಲ್ಲಿ ಏನಾಗಿವೆ ಕೇಳಿ. ಸೌದೆ, ಅನಿಲ ಎರಡೂ ಕಡಿಮೆಯಾಗಿ ಈಗ ಓಣಿಗೊಂದೇ ಅಡುಗೆಮನೆ. ಅದರಲ್ಲಿ ಎರಡು ಸಾಲು ಹಂಚು. ಒಂದು ಬೆಣ್ಣೆಯವರದು, ಒಂದು ಎಣ್ಣೆಯವರದು. ಬೆಣ್ಣೆಯವರ ತಾಟಿಗೆ ಹಳದಿ ಅಂಚು, ನಮ್ಮದಕ್ಕೆ ಕೆಂಪು. ಇಡೀ ಊರಿಗೆ ನಲವತ್ತು ಎಮ್ಮೆ ಉಳಿದಿವೆ, ಅವಕ್ಕೆ ನಮಗಿಂತ ತಂಪಾದ ಮನೆ ಇದೆ. ಮೂವತ್ತೊಂದು ವರ್ಷದಿಂದ ನಾನು ಬೆಣ್ಣೆಯ ಸಾಲಿನಲ್ಲಿ ರೊಟ್ಟಿ ಬಡಿಯುತ್ತಿದ್ದೇನೆ. ಹಂಚಿನಿಂದ ಇಳಿದ ಜೋಳದ ರೊಟ್ಟಿಗೆ ಬೆರಳಿಂದ ಬೆಣ್ಣೆ ಸವರಿ, ನಿಮ್ಮ ಕಿರಿಯ ಮಗನ ಸಂತಾನಕ್ಕೆ ಬಡಿಸುತ್ತೇನೆ. ಗುಂಡಗೆ, ಮಿರಿಮಿರಿ ಮಿಂಚುತ್ತ ಬಂದು ಕೂರುತ್ತಾರೆ. ಕೆಲಸ ಮುಗಿದ ಮೇಲೆ ಬೆರಳು ನೆಕ್ಕುವ ಹಾಗಿಲ್ಲ. ಬಾಗಿಲಲ್ಲಿ ಒಬ್ಬಾಕೆ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುತ್ತಾಳೆ, ಸೀಗೇಪುಡಿ ಕೊಟ್ಟು ಕೈ ತೊಳೆಸುತ್ತಾಳೆ. ನಮ್ಮ ಜೀವಕ್ಕೆ ಅಪಾಯವಾಗದಿರಲೆಂದು ಈ ವ್ಯವಸ್ಥೆ. ಆಕೆ ಒಳ್ಳೆಯವಳೇ, ನಿಜವಾಗಿಯೂ ನಮಗೆ ಬೆಣ್ಣೆ ವಿಷವೆಂದು ನಂಬಿದ್ದಾಳೆ. ಅದನ್ನು ನೋಡಿದಾಗ ನಿಮ್ಮ ಮೇಲಿನ ಸಿಟ್ಟು ಇನ್ನೂ ಹೆಚ್ಚಾಗುತ್ತದೆ.

ಎಣ್ಣೆಯ ಮೇಲೆ ನನಗೆ ಸಿಟ್ಟಿಲ್ಲ. ಚಟ್ನಿಪುಡಿಗೆ ಕುಸುಬಿ ಎಣ್ಣೆ ಹಾಕಿಕೊಂಡು ತಿಂದ ಬಾಯಿ ನನ್ನದು. ಬದನೆಕಾಯಿ ಎಣ್ಣೆಗಾಯಿಗೆ ಬೆಣ್ಣೆ ಹಾಕುವವರಿಗೆ ಅಡುಗೆ ಬರುವುದಿಲ್ಲ ಎಂದೇ ನನ್ನ ಅಭಿಪ್ರಾಯ. ಒಗ್ಗರಣೆಗೆ ಎಣ್ಣೆ ಬೇಕು, ಬಿಸಿ ರೊಟ್ಟಿಗೆ ಬೆಣ್ಣೆ ಬೇಕು, ವಯಸ್ಸಾದವರಿಗೆ ಎರಡೂ ಸ್ವಲ್ಪ ಸಾಕು. ಪದಾರ್ಥ ನೋಡಿ, ಹಸಿವು ನೋಡಿ, ಮೈ ನೋಡಿ ಆರಿಸಿಕೊಳ್ಳುವ ಸಂಗತಿ ಇದು. ನೀವು ತವರಿನ ನಂಟು ನೋಡಿ ಆರಿಸಿದಿರಿ.

ಇಷ್ಟು ವರ್ಷ ಸುಮ್ಮನಿದ್ದವಳು ಈಗೇಕೆ ಬರೆಯುತ್ತಿದ್ದೇನೆಂದರೆ, ನನ್ನ ಮಗಳು ನೇಸರಾ ಹನ್ನೊಂದು ದಿನದ ಬಾಣಂತಿ. ಹೆರಿಗೆಯಲ್ಲಿ ರಕ್ತ ಬಹಳ ಹೋಗಿ, ಗೋಡೆ ಹಿಡಿದು ನಡೆಯುತ್ತಾಳೆ. ಬಾಣಂತಿಗೆಂದು ಮೈಚರಿತ್ರೆಯ ಕಚೇರಿಯಿಂದ ಅಂಟಿನ ಉಂಡೆ ಬಂತು. ತುಪ್ಪದ ಬದಲು ಎಣ್ಣೆಯಲ್ಲಿ ಕಟ್ಟಿದ್ದು. ಒಂದು ಕಚ್ಚಿ, ಕಮಟು ಹೊಡೆದು, ಸೆರಗಿನಲ್ಲಿ ಉಗುಳಿ ಅತ್ತಳು. ಹುಟ್ಟಿದ್ದು ಹೆಣ್ಣುಕೂಸು. ನಲವತ್ತನೆಯ ದಿನ ಅದರ ಮೈಚರಿತ್ರೆಗೆ ಮುದ್ರೆ ಬೀಳುತ್ತದೆ. ಆಮೇಲೆ ಅದೂ ನನ್ನ ಹಾಗೆ ಮಂದಿಯ ರೊಟ್ಟಿಗೆ ಬೆಣ್ಣೆ ಹಚ್ಚಿ ಕೈ ತೊಳೆದುಕೊಂಡು ಬರಬೇಕು.

ಮರುದಿನವೇ ಕಚೇರಿಗೆ ಹೋಗಿ ಡೈರಿಯ ಮುಂದಿನ ಪುಟ ತೋರಿಸಿದೆ. ಮಾಡಿದ್ದನ್ನು ಬರೆದಿಡುವ ಚಟ ನಿಮಗೆ, ಅದೊಂದೇ ನನಗೆ ಸಿಕ್ಕ ಪುಣ್ಯ. "ಹಿರೇಕಿ ತವರಮನ್ಯಾಗ ದಿನಾ ಬೆಣ್ಣಿ ರೊಟ್ಟಿನ ತಿಂತಿದ್ಲಂತ. ಏನೂ ಆಗಿಲ್ಲ, ಗಟ್ಟಿಮುಟ್ಟ ಅದಾಳ. ಇಲ್ಲಿ ಮಾತ್ರ ರೂಢಿ ಮಾಡಬಾರ್ದು" ಎಂದು ನೀವೇ ಬರೆದಿದ್ದೀರಿ. ಗುಮಾಸ್ತ ಅದನ್ನು ಎರಡು ಸಲ ಓದಿ, ಕನ್ನಡಕ ತೆಗೆದು, "ಅವ್ವಾರ, ಇದು ಹೊಟ್ಟಿಕಿಚ್ಚಿನ ಮಾತು, ಹೊಟ್ಟೀ ಮಾತಲ್ಲ. ಮೈಚರಿತ್ರಿಗೆ ಬರೂದಿಲ್ರೀ" ಎಂದ. ಮತ್ತೆ ನನ್ನ ಮುಖ ನೋಡಿ ಮರುಕ ಬಂದು, "ಬರದ ಕೈನ ತಿದ್ದಿದ್ರ ನಡೀತೈತಿ ನೋಡ್ರಿ. ಬ್ಯಾರೆ ಯಾರೂ ತಿದ್ದಂಗಿಲ್ಲ" ಎಂದ. ಬರೆದ ಕೈ ಎಂದರೆ ನಿಮ್ಮದು. ನನ್ನ ಮೊಮ್ಮಗಳ ಬದುಕು ನಿಮ್ಮ ಬಲಗೈಯಲ್ಲಿ ಸಿಕ್ಕಿಕೊಂಡಿದೆ. ಅದನ್ನು ತಿಳಿದ ದಿನ ನನಗೆ ಅನ್ನ ಸೇರಲಿಲ್ಲ.

ನಿಮ್ಮನ್ನು ಬೇಡಿಕೊಳ್ಳುತ್ತೇನೆಂದು ತಿಳಿದಿರಾ? ಬೇಡುವುದಿಲ್ಲ. ನಿಮ್ಮ ಡೈರಿ ಪೂರಾ ಬಾಯಿಪಾಠ ಮಾಡಿ, ಈ ಓಲೆ ನಿಮ್ಮ ಮನೆಗೆ ಮುಟ್ಟುವ ದಿನವನ್ನು ಆರಿಸಿದ್ದೇನೆ. "ನಾಳೆ ಕಣ್ಣಿನ ಪೊರೆ ತಗೀತಾರ, ಸಣ್ಣಾಕಿ ತವರಿಗೆ ಹೋಗ್ಯಾಳ" ಎಂದು ಬರೆದ ಮೇಲೆ ನಿಮ್ಮ ಡೈರಿಯಲ್ಲಿ ಹದಿನೈದು ದಿನ ಖಾಲಿ. ಆ ಹದಿನೈದರಲ್ಲಿ ಮೂರನೆಯ ದಿನ ಇವತ್ತು. ಒಂದು ಕಣ್ಣಿಗೆ ಪಟ್ಟಿ ಕಟ್ಟಿದೆ, ಇನ್ನೊಂದರಲ್ಲಿ ಪೊರೆ ಬಲಿತಿದೆ. ಈ ಕಾಗದವನ್ನು ನೀವು ಓದುತ್ತಿಲ್ಲ, ಕೇಳುತ್ತಿದ್ದೀರಿ. ಓದಿ ಹೇಳಲು ಮನೆಯಲ್ಲಿ ಇರುವವಳು ಒಬ್ಬಳೇ. ಬಹುಶಃ ಮೂರನೆಯ ಪುಟಕ್ಕೇ "ಸಾಕ ನಿಲ್ಲಸ" ಎಂದಿರುತ್ತೀರಿ. ಆಕೆ ನಿಲ್ಲಿಸಿಲ್ಲ.

ದ್ರಾಕ್ಷಾಯಣಿ ಆಯಿ, ಇಲ್ಲಿಂದ ಗಟ್ಟಿಯಾಗಿ ಓದಬೇಡ. ಇದು ನಿನಗೆ.

ನಿನಗೆ ಯಾವ ದೋಷವೂ ಇಲ್ಲ. ಹನ್ನೆರಡು ವರ್ಷ ಆ ಮನೆಯಲ್ಲಿ ನಿನ್ನ ಮೈಯನ್ನೇ ನೀನು ಅನುಮಾನಿಸಿಕೊಂಡು ಬಂದೆ. ತವರಿನಲ್ಲಿ ಒಗ್ಗುತ್ತಿದ್ದದ್ದು ಇಲ್ಲೇಕೆ ಒಗ್ಗದು ಎಂದು ಒಮ್ಮೆಯೂ ಕೇಳಲಿಲ್ಲ. ನಿನ್ನ ಮೇಲೂ ನನಗೆ ಸ್ವಲ್ಪ ಸಿಟ್ಟಿದೆ, ಇರಲಿ. ಡೈರಿ ಅವರ ತಲೆದಿಂಬಿನ ಕೆಳಗಿದೆ. ಇನ್ನು ಹನ್ನೆರಡು ದಿನ ಅವರ ತುತ್ತು ನಿನ್ನ ಕೈಯಲ್ಲಿ. ತಾವು ಬರೆದದ್ದು ಸುಳ್ಳೆಂದು ಅವರು ತಮ್ಮ ಕೈಯಾರೆ ಬರೆಯುವವರೆಗೆ ಅವರ ರೊಟ್ಟಿಗೂ ಕುಸುಬಿ ಎಣ್ಣೆಯೇ ಇರಲಿ. ಉಪವಾಸ ಕೆಡವಬೇಡ. ಹೊಟ್ಟೆ ತುಂಬ ಹಾಕು, ಎಣ್ಣೆ ಹಾಕು. ಯಾಕೆಂದು ಕೇಳಿದರೆ, ಬೆಣ್ಣೆ ನಿಮಗೆ ಆಗಿಬರುವುದಿಲ್ಲ ಎಂದು ಹೇಳು. ಕಣ್ಣು ಕಟ್ಟಿದ್ದರೂ ಕೈ ಬರೆಯುತ್ತದೆ. ಅಕ್ಷರ ಸೊಟ್ಟಗಾದರೆ ನಮ್ಮ ಕಚೇರಿ ತಕರಾರು ಮಾಡುವುದಿಲ್ಲ, ಕೇಳಿಕೊಂಡು ಬಂದಿದ್ದೇನೆ.

ಅದಕ್ಕೂ ಮೊದಲು ಒಂದು ಕೆಲಸ ಮಾಡು. ಈಗಲೇ ಒಳಗೆ ಹೋಗು. ಬಿಸಿ ರೊಟ್ಟಿ ಒಂದು ಬಡಿ. ಸಣ್ಣವಳಿಗೆಂದು ತೆಗೆದಿಟ್ಟ ಬೆಣ್ಣೆಯಲ್ಲಿ ಒಂದು ಮುದ್ದೆ ಅದರ ಮೇಲಿಡು. ತಂದು ಅವರ ಹಾಸಿಗೆಯ ಪಕ್ಕದಲ್ಲೇ ಕೂತು ತಿನ್ನು. ಅವರು ಏನು ವಾಸನೆ ಎಂದು ಕೇಳಿದರೆ ಸುಳ್ಳು ಹೇಳಬೇಡ. ತಿಂದಾದ ಮೇಲೆ ಒಂದು ತಾಸು ಕಾಯಿ. ನಿನಗೆ ಏನೂ ಆಗಿರುವುದಿಲ್ಲ. ಆಗ ಅವರ ಕೈಗೆ ಪೆನ್ನು ಕೊಡು.

ನಿನ್ನ
ತಂಗೆವ್ವ