ಸದ್ದಿಲ್ಲದ ಗಾಡಿಯ ಮೇಲಿನ ಹೊಟ್ಟೆಕಿಚ್ಚು

ಭಾವನವರಿಗೆ,

ನಿಮ್ಮ ಮೇಲೆ ನನಗೆ ಈಗಲೂ ಹೊಟ್ಟೆಕಿಚ್ಚು. ಸತ್ತವರನ್ನು ಕಂಡು ಯಾರಾದರೂ ಹೊಟ್ಟೆಕಿಚ್ಚು ಪಡುತ್ತಾರೆಯೇ? ನಾನು ಪಡುತ್ತೇನೆ, ಅದಕ್ಕೇ ಈ ಕಾಗದ.

ದಾಂಡೇಲಿಯ ಮಿಲ್ಲಿನಿಂದ ನಿವೃತ್ತರಾಗಿ ಸಾಂಬ್ರಾಣಿಗೆ ಬಂದ ವರ್ಷ ನೀವು ಆ ಗಾಡಿ ತಂದಿರಿ. ಜೋಯಿಡಾ ಕಡೆಯ ರೆಸಾರ್ಟೊಂದು ಮುಚ್ಚುವಾಗ ಮಾರಿದ್ದು. ಅತ್ತ ಕಾರಲ್ಲ, ಇತ್ತ ಬೈಕಲ್ಲ. ದಪ್ಪ ಟೈರಿನ ನಾಲ್ಕು ಚಕ್ರ, ಬೈಕಿನ ಹ್ಯಾಂಡಲ್, ಸದ್ದೂ ಇಲ್ಲದ ವೇಗವೂ ಇಲ್ಲದ ಫೋರ್ ಸ್ಟ್ರೋಕ್ ಎಂಜಿನ್. ಊರು ನಕ್ಕಿತು, ಎಲ್ಲರಿಗಿಂತ ಜೋರಾಗಿ ನಾನು. "ಭಾವಾ, ಎತ್ತಿನ ಗಾಡಿನೂ ನಿಮ್ಮನ್ನ ಹಿಂದ ಹಾಕತೈತಿ" ಅಂದೆ. "ಹಾಕಲಿ ಬಿಡೋ, ನಮಗೇನ ಗಡಿಬಿಡಿ ಐತಿ?" ಅಂದಿರಿ.

ನನ್ನ ಟೂ ಸ್ಟ್ರೋಕ್ ಬೈಕು ಹೊಗೆ ಉಗುಳುತ್ತ ಹೊರಟರೆ ಕಾಡೆಲ್ಲ ಖಾಲಿ. ನಿಮ್ಮ ಗಾಡಿ ಹೋದರೆ ಜಿಂಕೆಗಳು ತಲೆ ಎತ್ತಿ ನೋಡಿ ಮತ್ತೆ ಮೇಯುತ್ತಿದ್ದವಂತೆ. ಹಿಂದೆ ಕೂತು ಶೇಂಗಾ ತಿನ್ನುತ್ತ ಹೋಗಿ ಬಂದ ಅಕ್ಕ ದಿನಾ ಅದನ್ನೇ ಹೇಳುವಳು. ಮನೆತನದಲ್ಲಿ ಅಲ್ಲಿಯವರೆಗೆ ಗಾಡಿ ಅಂದರೆ ನಾನು, ರಿಪೇರಿ ಅಂದರೆ ನಾನು. ಒಂದು ದಿನ ನನ್ನ ಹೆಂಡತಿಯೇ, "ಅಣ್ಣಾರ ಗಾಡ್ಯಾಗ ಬರ್ತೇನಿ, ನೀವು ಮುಂದ ನಡೀರಿ" ಅಂದಾಗ...

ಕುಂಬಾರವಾಡದ ಬೀಗರ ಮನೆಗೆ ಹೊರಟ ಬೆಳಿಗ್ಗೆ ನೆನಪಿದೆಯೇ? "ಎಣ್ಣಿ ನೋಡಪಾ, ನನಗ ತಿಳಿಯೂದಿಲ್ಲ" ಅಂದಿರಿ. ಎಂಜಿನ್ನಿನ ಎಣ್ಣೆ ಅಳೆಯುವ ಕಡ್ಡಿ ಎಳೆದೆ. ತುದಿಗೆ ಎಣ್ಣೆ ಹತ್ತಿಯೂ ಹತ್ತದ ಹಾಗಿತ್ತು. ಒರೆಸಿ ಒಳಗಿಟ್ಟು, "ಭರ್ತಿ ಐತಿ, ಹೋಗ್ರಿ" ಅಂದೆ. ದಾರಿಯಲ್ಲಿ ಒಮ್ಮೆ ನಿಂತು ನಾಲ್ಕು ಜನರ ಮುಂದೆ ನಗೆಪಾಟಲಾಗಲಿ, ಅಷ್ಟೇ ನನಗೆ ಬೇಕಿದ್ದದ್ದು. ಜೋಯಿಡಾ ಮುಟ್ಟುವ ಮೊದಲೇ ಎಣ್ಣೆಯಿಲ್ಲದೆ ಎಂಜಿನ್ ಕಚ್ಚಿಕೊಂಡು ಕೆಟ್ಟು ನಿಂತಿತು. ಗಾಡಿಯನ್ನು ಕಾಡಂಚಿನಲ್ಲಿ ಬಿಟ್ಟು, ಬಸ್ಸಿಗೆ ಕಾದು ಕಾದು ಸಂಜೆ ಮನೆಗೆ ಬಂದಿರಿ.

"ನನ್ನ ಕೈಯಾಗ ಬಾಳಲಿಲ್ಲ ನೋಡು" ಅಂದಿರಿ. ನನ್ನ ಮೇಲೆ ಅನುಮಾನ ಕೂಡ ಪಡಲಿಲ್ಲ. ಅದಕ್ಕೂ ನನಗೆ ಹೊಟ್ಟೆ ಉರಿಯಿತು. ಅಷ್ಟು ಒಳ್ಳೆಯವರು ಯಾಕಾಗಬೇಕಿತ್ತು ನೀವು? ಮರುದಿನ ಎಳೆಸಿ ತಂದು ನಮ್ಮ ಹಿತ್ತಲಿಗೆ ಹಾಕಿದ ಆ ಗಾಡಿಯನ್ನು ಆಮೇಲೆ ನೀವು ಮುಟ್ಟಲೇ ಇಲ್ಲ. ಮಳೆಗಾಲ ಮುಗಿಯುವುದರೊಳಗೆ ಎದೆನೋವು ಬಂದು ಹೋಗಿಯೇಬಿಟ್ಟಿರಿ.

ಹೋದ ತಿಂಗಳು ಎಂಜಿನ್ ಬಿಚ್ಚಿ ಸರಿ ಮಾಡಿ, ಗಾಡಿಯನ್ನು ಅಕ್ಕನ ಅಂಗಳದಲ್ಲಿ ತಂದು ನಿಲ್ಲಿಸಿದೆ. ಅವಳು ಸೆರಗಿನಿಂದ ಸೀಟು ಒರೆಸಿ, "ನಿನ್ನ ಉಪಕಾರ ಹೆಂಗ ತೀರಸಲೋ ತಮ್ಮಾ" ಅಂದಳು. ಆ ಮಾತು ತಡೆಯಲಾಗಲಿಲ್ಲ, ಎಲ್ಲ ಹೇಳಿಬಿಟ್ಟೆ. ಅವಳು ಕೈ ಚಾಚಿ, "ಕೀಲಿ ಕೊಡು ಇಲ್ಲಿ" ಅಂದಳು.

ನಿಮಗೆ ತಿಳಿಯದ ಸುದ್ದಿ ಇದು, ಭಾವಾ: ಅಕ್ಕ ಗಾಡಿ ಓಡಿಸುವುದು ಕಲಿತಿದ್ದಾಳೆ. ದಿನಾ ಸಂಜೆ ನಮ್ಮ ಬಾಗಿಲ ಮುಂದೆ ನಿಲ್ಲಿಸಿ, ನನ್ನ ಹೆಂಡತಿಯನ್ನು ಹತ್ತಿಸಿಕೊಂಡು ಕಾಡಿನ ದಾರಿಗೆ ಹೋಗುತ್ತಾಳೆ. ನನ್ನ ಕಡೆ ತಿರುಗಿಯೂ ನೋಡುವುದಿಲ್ಲ. ಕಟ್ಟೆಯ ಮೇಲೆ ಕೂತ ನನಗೆ ಮತ್ತದೇ ಹೊಟ್ಟೆಕಿಚ್ಚು. ಆದರೂ ಎದ್ದು ಒಳಗೆ ಹೋಗುವುದಿಲ್ಲ. ಅಕ್ಕ ತಾನಾಗಿ ನನ್ನನ್ನು ಮಾತಾಡಿಸುವವರೆಗೂ ದಿನಾ ಅಲ್ಲೇ ಕೂತಿರುತ್ತೇನೆ.